.22 ರೈಫಲ್ ಶುಚಿ ಮಾಡುವಾಗ ಕೈ ಎಲ್ಲಿ ತಡೆಯಬೇಕು

ಆರು ವರ್ಷಗಳ ಹಿಂದೆ ಮಲ್ಲೇಶ್ವರದ ಹಿರಿಯರೊಬ್ಬರ .22 ಬೋಲ್ಟ್ ರೈಫಲ್ ನನ್ನ ಲೈಸೆನ್ಸಿಗೆ ವರ್ಗವಾಯಿತು. .22 ಎಂದರೆ ಸುಮಾರು 0.22 ಇಂಚಿನ ನಳಿಕೆ, ಬೋಲ್ಟ್ ಎಂದರೆ ನಳಿಕೆಯ ಹಿಂಬದಿಯನ್ನು ಮುಚ್ಚುವ, ಕೈಯಿಂದ ಎಳೆದು ತೆರೆಯುವ ಉಕ್ಕಿನ ಅಗುಳಿ. ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲಿಯೂ ತುಕ್ಕಿಲ್ಲ, ಮರದ ಹಿಡಿಗೆ ಎಣ್ಣೆಯ ಹೊಳಪು, ನಳಿಕೆಯೊಳಗೆ ಒಂದು ಕಪ್ಪು ಚುಕ್ಕೆಯೂ ಇಲ್ಲ. “ಪ್ರತಿ ಭಾನುವಾರ ತಪ್ಪದೆ ಉಜ್ಜಿ ಇಟ್ಟಿದ್ದೇನೆ, ಚೆನ್ನಾಗಿ ನೋಡಿಕೊಳ್ಳಪ್ಪ” ಎಂದು ಅವರು ಹೇಳಿ ಕೊಟ್ಟಿದ್ದರು. ರೇಂಜಿಗೆ ಹೋಗಿ 50 ಮೀಟರಿಗೆ ಹೊಡೆದರೆ ಗುಂಡುಗಳು ಅಂಗೈಯಗಲ ಚದುರಿದವು. ತೋಟಾ ಬದಲಿಸಿದೆ, ಗುರಿ ನೋಡುವ ಸೈಟ್ ಬಿಗಿ ಮಾಡಿದೆ, ಫಲವಿಲ್ಲ. ಕೊನೆಗೆ ಭೂತಗನ್ನಡಿಯನ್ನು ನಳಿಕೆಯ ಮೂತಿಗೆ ಹಿಡಿದಾಗ ಕಾರಣ ಕಂಡಿತು. ದುಂಡಗಿರಬೇಕಾದ ಅಂಚು ಒಂದು ಮಗ್ಗುಲಿಗೆ ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಮೂತಿಯ ಕಡೆಯಿಂದ ಉಕ್ಕಿನ ರಾಡ್ ತೂರಿಸಿ ವರ್ಷಗಟ್ಟಲೆ ಉಜ್ಜಿದ ಗುರುತು ಅದು.

ಗುಂಡು ಹಾರಿಸಿ ಹಾರಿಸಿ ಸವೆದ .22 ನಳಿಕೆಯನ್ನು ನಾನು ಇದುವರೆಗೆ ಕಂಡಿಲ್ಲ. ಉಜ್ಜಿ ಉಜ್ಜಿ ಕೆಟ್ಟವನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ. ಆ ಹಿರಿಯರು ರೈಫಲನ್ನು ಅಲಕ್ಷಿಸಿದವರಲ್ಲ, ಮಗುವಿನಂತೆ ನೋಡಿಕೊಂಡವರು. ಅದಕ್ಕೇ ನನಗೆ ಈ ವಿಷಯ ಬರೆಯಬೇಕೆನಿಸಿದ್ದು. ಬೆಂಗಳೂರಿನಲ್ಲಿ ಈಗ ಏರ್ ರೈಫಲ್‌ನಿಂದ .22ಕ್ಕೆ ಬರುವ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ. ಅವರ ಕೈಗೆ ದುಬಾರಿ ರೈಫಲ್ ಬರುತ್ತದೆ, ಒಂದು ಕ್ಲೀನಿಂಗ್ ಕಿಟ್ ಬರುತ್ತದೆ, ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರು ಬರುವುದಿಲ್ಲ.

ಕೊಳೆ ಎಲ್ಲಿ ಕೂರುತ್ತದೆ

.22 ತೋಟಾವನ್ನು ರಿಮ್‌ಫೈರ್ ಎನ್ನುತ್ತಾರೆ, ರಿಮ್ ಎಂದರೆ ಅಂಚು. ಆ ಹೆಸರೇ ಅರ್ಧ ಪಾಠ ಹೇಳುತ್ತದೆ. ದೊಡ್ಡ ತೋಟಾಗಳಲ್ಲಿ ಬುಡದ ನಡುವೆ ಕೇಪು ಇರುತ್ತದೆ. .22 ತೋಟಾದಲ್ಲಿ ಕಿಡಿಯ ಮದ್ದು ಇರುವುದು ಬುಡದ ಸುತ್ತಲಿನ ತೆಳುವಾದ ಅಂಚಿನೊಳಗೆ. ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡೇ ಚೇಂಬರ್. ಬೋಲ್ಟಿನೊಳಗಿನ ಫೈರಿಂಗ್ ಪಿನ್ ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜಿದಾಗ ಮದ್ದು ಸಿಡಿಯುತ್ತದೆ. ಆದ್ದರಿಂದ ಪಿನ್ನು, ಚೇಂಬರಿನ ಬಾಯಿ ಎರಡೂ ಎದುರುಬದುರಾಗಿ ಇರುತ್ತವೆ, ನಡುವೆ ಇರುವುದು ತೋಟಾದ ತೆಳು ಹಿತ್ತಾಳೆ ಮಾತ್ರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1887ರಲ್ಲಿ ಅಮೆರಿಕದಲ್ಲಿ ಹುಟ್ಟಿದ .22 ಲಾಂಗ್ ರೈಫಲ್ ತೋಟಾದ ಮೂಲ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಮೆದು ಸೀಸದ ಗುಂಡು, ಅದರ ಮೈಗೆ ಮೇಣ ಅಥವಾ ಗ್ರೀಸಿನ ಲೇಪ. ಸ್ಪರ್ಧೆಯ ತೋಟಾಗಳಿಗೆ ತಾಮ್ರದ ಹೊದಿಕೆ ಇರುವುದಿಲ್ಲ. ಹಾಗಾಗಿ ನಳಿಕೆಯಲ್ಲಿ ತಾಮ್ರ ಅಂಟುವುದಿಲ್ಲ, ತಾಮ್ರ ಕರಗಿಸುವ ಅಮೋನಿಯಾ ದ್ರಾವಣದ ಅಗತ್ಯವೂ ಇಲ್ಲ. ಪ್ರತಿ ಗುಂಡೂ ತನ್ನ ಹಿಂದೆ ಮೇಣದ ತೆಳು ಪದರವನ್ನು ಬಳಿದು ಹೋಗುತ್ತದೆ. ಆ ಪದರವೇ ನಳಿಕೆಗೆ ಕಾವಲು, ಗುಂಡುಗಳು ಒಂದೇ ಕಡೆ ಬೀಳಲು ಆಧಾರವೂ ಅದೇ.

ನಿಜವಾದ ಕೊಳೆ ಇರುವುದು ಬೇರೆ ಕಡೆ. ಬೋಲ್ಟಿನ ಮುಖದ ಮೇಲೆ, ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಅಡಿಯಲ್ಲಿ, ಚೇಂಬರಿನಲ್ಲಿ ಮತ್ತು ಚೇಂಬರ್ ಮುಗಿದು ನಳಿಕೆಯ ಸುರುಳಿ ಗೀರುಗಳು ಶುರುವಾಗುವ ಎಡೆಯಲ್ಲಿ. ಅಲ್ಲಿ ಮಸಿ, ಮೇಣ, ಸೀಸ ಮೂರೂ ಸೇರಿ ಒಂದು ಗಟ್ಟಿ ಉಂಗುರ ಕಟ್ಟುತ್ತದೆ. ರಿಮ್‌ಫೈರ್ ಮದ್ದಿನಲ್ಲಿ ಉಜ್ಜಾಟದ ಕಿಡಿಗೆಂದು ನುಣ್ಣನೆಯ ಗಾಜಿನ ಪುಡಿ ಬೆರೆಸುವುದುಂಟು. ಆ ಮಸಿಯನ್ನು ಬೆರಳಲ್ಲಿ ತಿಕ್ಕಿದರೆ ಸಣ್ಣಗೆ ಕರಕರ ಎನ್ನುತ್ತದೆ. ರಾಡಿಗೆ ಅಂಟಿಸಿಕೊಂಡು ನಳಿಕೆಯಲ್ಲಿ ಹಿಂದೆ ಮುಂದೆ ಎಳೆದಾಡಿದರೆ ಅದು ಉಪ್ಪು ಕಾಗದದ ಕೆಲಸ ಮಾಡುತ್ತದೆ. ನಳಿಕೆಯೊಳಗಿನ ಗೀರಿನ ಆಳ ನಿಮ್ಮ ತಲೆಗೂದಲಿನ ದಪ್ಪದಷ್ಟೇ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಇಲ್ಲ. ಸವೆಯಲು ಅಲ್ಲಿ ಇರುವುದೇ ಅಷ್ಟು.

ಊರಿನ ಕಡೆಯ ಹಿರಿಯರು ಕೋವಿಗೆ ಬಿಸಿನೀರು ಹೊಯ್ದು ತೊಳೆಯುವುದನ್ನು ನೀವು ನೋಡಿರಬಹುದು. ಕೇಪಿನ ಕೋವಿಗೆ, ಹಳೆಯ .303 ರೈಫಲಿನ ತೋಟಾಗಳಿಗೆ ಅದು ಸರಿಯಾದ ಕ್ರಮವಾಗಿತ್ತು, ಏಕೆಂದರೆ ಅವುಗಳ ಮದ್ದು ಉಳಿಸುವ ಉಪ್ಪಿನಂಥ ಶೇಷ ಉಕ್ಕನ್ನು ತಿನ್ನುತ್ತಿತ್ತು, ಅದು ಕರಗುವುದು ನೀರಿನಲ್ಲಿ. ಇಂದಿನ .22 ತೋಟಾದಲ್ಲಿ ಆ ಉಪ್ಪಿಲ್ಲ. ನೀರು ಹೊಯ್ದರೆ ತುಕ್ಕನ್ನು ನಾವೇ ಮನೆಗೆ ಕರೆದಂತೆ.

ಮೇಜಿನ ಮೇಲೆ ಇಡುವ ಮೊದಲು

ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಶುಚಿ ಮಾಡುವ ಕೋಣೆಯಲ್ಲಿ ಒಂದು ತೋಟಾ ಕೂಡ ಇರಬಾರದು. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಚೇಂಬರನ್ನು ಟಾರ್ಚ್ ಹಾಕಿ ನೋಡಿ. ನೋಡಿದ್ದು ಸಾಲದು. .22 ಚೇಂಬರಿನೊಳಗೆ ಕಿರುಬೆರಳೂ ಹೋಗುವುದಿಲ್ಲ, ಆದರೆ ಬೆರಳ ತುದಿಯನ್ನು ಅದರ ಬಾಯಿಗೆ ಒತ್ತಿದರೆ ತೋಟಾದ ಬುಡ ಇದೆಯೋ ತೂತು ಇದೆಯೋ ಎಂಬುದು ಚರ್ಮಕ್ಕೆ ತಿಳಿಯುತ್ತದೆ. ಕರೆಂಟು ಹೋದ ಸಂಜೆಯಲ್ಲೂ ಈ ಪರೀಕ್ಷೆ ಮೋಸ ಮಾಡುವುದಿಲ್ಲ. ಹೀಗೆ ಖಚಿತವಾದ ಮೇಲೂ ಮೂತಿಯನ್ನು ಪಕ್ಕದ ಮನೆಯ ಗೋಡೆಯ ಕಡೆಗೆ ತಿರುಗಿಸಬೇಡಿ. .22 ಸಣ್ಣದೆಂದು ತೋರಿದರೂ ಆ ಗುಂಡು ಒಂದು ಕಿಲೋಮೀಟರಿಗಿಂತ ಆಚೆಗೂ ಹೋಗಬಲ್ಲದು.

ಊಟದ ಮೇಜು ಬೇಡ, ಅಡುಗೆಮನೆಯ ಕಟ್ಟೆಯಂತೂ ಬೇಡವೇ ಬೇಡ. ಗುಂಡಿನಲ್ಲಿ ಸೀಸವಿದೆ, ಬಹುಪಾಲು ತೋಟಾಗಳ ಕಿಡಿಯ ಮದ್ದಿನಲ್ಲೂ ಸೀಸದ ಸಂಯುಕ್ತವಿದೆ. ನೀವು ಒರೆಸಿ ತೆಗೆಯುವ ಕಪ್ಪಿನಲ್ಲಿ ಅದು ಇದ್ದೇ ಇರುತ್ತದೆ. ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದಷ್ಟು ಕೆಟ್ಟದ್ದು ಕಡಿಮೆ. ನಾನು ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ ಕೂರುತ್ತೇನೆ, ರಸ್ತೆಗೆ ಕಾಣದಂತೆ ಬಿದಿರಿನ ಚಾಪೆ ಇಳಿಬಿಟ್ಟಿರುತ್ತೇನೆ. ನಡುವೆ ಕಾಫಿ ಇಲ್ಲ. ಕೆಲಸ ಮುಗಿದ ಮೇಲೆ ಪತ್ರಿಕೆ, ಚಿಂದಿ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ, ಒಣ ಕಸ ಹಸಿ ಕಸ ಎರಡಕ್ಕೂ ಸೇರಿಸದೆ, ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡುತ್ತೇನೆ. ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು, ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬಾರದು.

ಸಾಮಾನು

ರಾಡ್ ಒಂದರಲ್ಲಿ ಮಾತ್ರ ಜಿಪುಣತನ ಬೇಡ. ತುಂಡು ತುಂಡಾಗಿ ತಿರುಗಿಸಿ ಜೋಡಿಸುವ ಅಲ್ಯೂಮಿನಿಯಂ ರಾಡ್ ಅಗ್ಗವಾಗಿ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಜೋಡಣೆಯ ಪ್ರತಿ ಅಂಚೂ ನಳಿಕೆಯನ್ನು ಕೆರೆಯುತ್ತದೆ. ಮೆದು ಲೋಹಕ್ಕೆ ಗಾಜಿನ ಪುಡಿ ಕಚ್ಚಿಕೊಂಡು ರಾಡೇ ಅರವಾಗುತ್ತದೆ. ಒಂದೇ ತುಂಡಿನ, ಪ್ಲಾಸ್ಟಿಕ್ ಲೇಪವಿರುವ ಉಕ್ಕಿನ ರಾಡ್ ಅಥವಾ ಕಾರ್ಬನ್ ಫೈಬರ್ ರಾಡ್ ತೆಗೆದುಕೊಳ್ಳಿ. ಹಿಡಿಕೆ ಕೈಯಲ್ಲೇ ನಿಂತು ರಾಡ್ ಮಾತ್ರ ಗೀರಿನ ಸುರುಳಿಯೊಂದಿಗೆ ತಿರುಗುವಂತಿರಬೇಕು. ತುದಿಗೆ ಹಿತ್ತಾಳೆಯ ಜ್ಯಾಗ್, ಚಿಂದಿ ಹಿಡಿಯುವ ಮೊಳೆ. ಇದರ ಜೊತೆಗೆ ನಿಮ್ಮ ರೈಫಲ್ಲಿಗೆ ಹೊಂದುವ ಬೋರ್ ಗೈಡ್ ಬೇಕು. ಬೋಲ್ಟ್ ಇರುವ ಜಾಗದಲ್ಲಿ ಕೂರುವ ಈ ಕೊಳವೆ ರಾಡನ್ನು ನೇರವಾಗಿ ನಳಿಕೆಯ ನಡುವಿಗೆ ಒಯ್ಯುತ್ತದೆ. ಕಿಟ್‌ನಲ್ಲಿ ಇದು ಬರುವುದಿಲ್ಲ. ರಾಡ್ ಇಲ್ಲದೆ ಇದ್ದರೂ ನಡೆದೀತು, ಗೈಡ್ ಇಲ್ಲದೆ ರಾಡ್ ಹಾಕಬಾರದು ಎನ್ನುವವನು ನಾನು.

ಉಳಿದದ್ದು ಮನೆಯಲ್ಲೇ ಇದೆ. ಚಿಂದಿಗೆ ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯದು ಬೇರಿಲ್ಲ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಎಳೆ ಬಿಡುವುದಿಲ್ಲ. ಗಂಜಿ ಹಾಕಿದ್ದರೆ ಎರಡು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಜರಿಯ ಅಂಚನ್ನು ಕತ್ತರಿಸಿ ಬಿಸಾಡಿ, ಸುಮಾರು ಎರಡೂವರೆ ಸೆಂಟಿಮೀಟರಿನ ಚೌಕಗಳನ್ನಾಗಿ ಕತ್ತರಿಸಿಕೊಳ್ಳಿ. ಎನ್‌ಸಿಸಿಯಲ್ಲಿ .22 ಹಿಡಿದವರಿಗೆಲ್ಲ ಚಿಂದಿಯ ಪಾಠ ನೆನಪಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್, ಹತ್ತಿ ಸುತ್ತಿದ ಕಿವಿಕಡ್ಡಿ, ಬಿದಿರಿನ ಹಲ್ಲುಕಡ್ಡಿ, ಅಂಚಿರುವ ಬಿಳಿ ಟ್ರೇ. ಸ್ಕ್ರೂಡ್ರೈವರ್ ಬೇಕೇ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗಿ, ಸ್ಕ್ರೂವಿನ ಸೀಳಿಗೆ ಅಳತೆಗೆ ಸರಿಯಾಗಿ ಕೂರುವಂಥದ್ದನ್ನು ನೋಡಿ ತನ್ನಿ. ಸಡಿಲವಾದ ಡ್ರೈವರ್ ಒಂದೇ ಜಾರಿಗೆ ಸ್ಕ್ರೂವಿನ ತಲೆಯನ್ನು ಹರಿದುಬಿಡುತ್ತದೆ.

ಬೋಲ್ಟಿನಿಂದ ಶುರು

ನಳಿಕೆಯಿಂದ ಶುರು ಮಾಡುವವರೇ ಹೆಚ್ಚು. ನಾನು ಬೋಲ್ಟಿನಿಂದ ಶುರು ಮಾಡಿ ಎನ್ನುತ್ತೇನೆ, ಅನೇಕ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಬೋಲ್ಟನ್ನು ಹೊರತೆಗೆದು ಬಿಳಿ ಟ್ರೇಯಲ್ಲಿಡಿ. ಮುಖವನ್ನು ಬೆಳಕಿಗೆ ಹಿಡಿದರೆ ಅಂಚಿನ ಹತ್ತಿರ ಪಿನ್ನಿನ ಕಂಡಿ, ಪಕ್ಕದಲ್ಲಿ ಉಗುರಿನಂಥ ಸಣ್ಣ ಕೊಕ್ಕೆ ಕಾಣುತ್ತದೆ. ಅದೇ ಎಕ್ಸ್‌ಟ್ರ್ಯಾಕ್ಟರ್. ಹೊಡೆದ ತೋಟಾದ ಅಂಚನ್ನು ಹಿಡಿದು ಹೊರಗೆಳೆಯುವುದು ಅದರ ಕೆಲಸ. ಕೊಕ್ಕೆಯ ಚೂಪು ತುದಿಯೇ ಅದರ ಜೀವ. ಬ್ರಶ್ಶಿಗೆ ಬಂದೂಕಿನ ಮಸಿ ಕರಗಿಸುವ ಶುಚಿ ದ್ರಾವಣವನ್ನು ಎರಡು ಹನಿ ಹಾಕಿ ಬೋಲ್ಟಿನ ಮುಖವನ್ನು ಉಜ್ಜಿ. ಹಾಗೆ ಉಜ್ಜುವಾಗ ಬೋಲ್ಟಿನ ಮುಖ ಕೆಳಗೆ ಇರಲಿ, ಕೊಳೆನೀರು ಪಿನ್ನಿನ ಕಂಡಿಯೊಳಗೆ ಇಳಿಯಬಾರದು. ಕೊಕ್ಕೆಯ ಅಡಿಗೆ ಹಲ್ಲುಕಡ್ಡಿಯ ತುದಿ ತೂರಿಸಿ ನಿಧಾನವಾಗಿ ಕೆರೆಯಿರಿ. ಜೇನುಮೇಣದಂಥ ಕಪ್ಪು ಸಿಪ್ಪೆ ಏಳುತ್ತದೆ, ಕೆಲವೊಮ್ಮೆ ಹಿತ್ತಾಳೆಯ ಹೊಟ್ಟೂ ಇರುತ್ತದೆ. ಆ ಸಿಪ್ಪೆ ಒಂದು ಅಕ್ಕಿನುಚ್ಚಿನಷ್ಟಿದ್ದರೂ ಸಾಕು, ಕೊಕ್ಕೆ ತೋಟಾದ ಅಂಚನ್ನು ಪೂರ್ತಿ ಹಿಡಿಯುವುದಿಲ್ಲ, ಖಾಲಿ ತೋಟಾ ಚೇಂಬರಿನಲ್ಲೇ ಉಳಿಯುತ್ತದೆ.

ಕೊಕ್ಕೆಯನ್ನು ಸೂಜಿಯಿಂದಲೋ ಚಾಕುವಿನ ಮೊನೆಯಿಂದಲೋ ಮೀಟಬೇಡಿ. ಅದರ ಹಿಂದೆ ಅಕ್ಕಿಕಾಳಿನ ಗಾತ್ರದ ಸ್ಪ್ರಿಂಗ್ ಇರುತ್ತದೆ, ಇಲ್ಲವೇ ಕೊಕ್ಕೆಯೇ ಸ್ಪ್ರಿಂಗ್ ಉಕ್ಕಿನದಾಗಿರುತ್ತದೆ. ಒಮ್ಮೆ ಅತಿಯಾಗಿ ಬಾಗಿದರೆ ಮತ್ತೆ ಆ ಬಿಗಿ ಬರುವುದಿಲ್ಲ. ವಿದೇಶಿ ರೈಫಲ್ ಆದರೆ ಹೊಸ ಕೊಕ್ಕೆಗೆ ತಿಂಗಳುಗಟ್ಟಲೆ ಕಾಯಬೇಕು. ಬಿಚ್ಚಲೇಬೇಕಾದ ಸಂದರ್ಭ ಬಂದರೆ ಬೋಲ್ಟನ್ನೂ ಎರಡೂ ಕೈಗಳನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿಕೊಂಡು ಬಿಚ್ಚಿ. ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಉಳಿಯುತ್ತದೆ. ಅದಕ್ಕೂ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಮ್ಯಾಗಜೀನಿಗೆ ಒಣ ಬ್ರಶ್ ಸಾಕು. ಅದರ ಬಾಯಿಯ ಎರಡು ತಗಡಿನ ತುಟಿಗಳನ್ನು ಹಿಂಡಬೇಡಿ, ಅಗಲಿಸಲೂಬೇಡಿ. ತೋಟಾ ಯಾವ ಕೋನದಲ್ಲಿ ಏಳಬೇಕೆಂದು ನಿರ್ಧರಿಸುವುದು ಅವೇ.

ಚೇಂಬರ್

ಇನ್ನೂರು ಮುನ್ನೂರು ಗುಂಡು ಹೊಡೆದ ಮೇಲೆ ತೋಟಾ ಕೂರಿಸುವಾಗ ಕೊನೆಯಲ್ಲಿ ತುಸು ಬಿಗಿ ಅನಿಸಿದರೆ ಅದು ಮಸಿಯ ಉಂಗುರದ ಸೂಚನೆ. ನಾನು ಅಂದಾಜು ಮುನ್ನೂರು ಗುಂಡಿಗೊಮ್ಮೆ ಚೇಂಬರನ್ನು ನೋಡಿಕೊಳ್ಳುತ್ತೇನೆ, ನಳಿಕೆಯ ಗೋಜಿಗೆ ಹೋಗುವುದಿಲ್ಲ.

ರೈಫಲ್ಲನ್ನು ಎರಡು ದಿಂಬಿನ ಮೇಲೆ ಮಲಗಿಸಿ. ಮೂತಿ ತುಸು ಕೆಳಗಿರಲಿ, ಹಿಂಬದಿ ಮೇಲಿರಲಿ. ಇಲ್ಲದಿದ್ದರೆ ದ್ರಾವಣ ಹಿಂದಕ್ಕೆ ಹರಿದು ಟ್ರಿಗರಿಗೂ ಮರದ ಹಿಡಿಗೂ ಇಳಿಯುತ್ತದೆ. ಕಿವಿಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಚೇಂಬರಿನೊಳಗೆ ತಿರುಗಿಸಿ, ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷದ ಕಾಯುವಿಕೆಯೇ ಅರ್ಧ ಕೆಲಸ, ನಿಮ್ಮ ತೋಳ್ಬಲದ ಪಾಲಿನದನ್ನು ದ್ರಾವಣ ಮಾಡುತ್ತದೆ. ಅನಂತರ ನೈಲಾನ್ ಬ್ರಶ್ಶನ್ನು ಚೇಂಬರಿನವರೆಗೆ ಮಾತ್ರ ತೂರಿಸಿ ಬೆರಳಿನಲ್ಲಿ ಏಳೆಂಟು ಸುತ್ತು ತಿರುಗಿಸಿ. ಉಂಗುರ ಹಳೆಯದಾಗಿ ಕಲ್ಲಾಗಿದ್ದರೆ ಕಂಚಿನ ಬ್ರಶ್ ಬಳಸಬಹುದು, ಅದೂ ತಿರುಗಿಸಲಿಕ್ಕೆ ಮಾತ್ರ, ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ಅಲ್ಲ. ಒಣ ಕಿವಿಕಡ್ಡಿಯಿಂದ ಒರೆಸಿ ತೆಗೆಯಿರಿ. ಕಡ್ಡಿಯ ಮೇಲೆ ಕಪ್ಪು ಸುರುಳಿ ಬಂದರೆ ಇನ್ನೊಂದು ಸುತ್ತು, ಬೂದು ಬಣ್ಣ ಬಂದರೆ ಸಾಕು.

ಚೇಂಬರಿನ ಬಾಯಿಯನ್ನು ಈ ಹೊತ್ತಿನಲ್ಲಿ ಭೂತಗನ್ನಡಿಯಿಂದ ಒಮ್ಮೆ ನೋಡಿ. ಅಂಚಿನಲ್ಲಿ ಉಗುರು ಒತ್ತಿದಂಥ ಸಣ್ಣ ತಗ್ಗು ಕಂಡರೆ ಯಾರೋ ತೋಟಾ ಇಲ್ಲದೆ ಟ್ರಿಗರ್ ಎಳೆದಿದ್ದಾರೆ. ಮೊದಲೇ ಹೇಳಿದೆನಲ್ಲ, ಪಿನ್ನಿಗೂ ಆ ಅಂಚಿಗೂ ನಡುವೆ ಇರುವುದು ಹಿತ್ತಾಳೆ ಮಾತ್ರ. ಅದಿಲ್ಲದಿದ್ದರೆ ಉಕ್ಕು ಉಕ್ಕನ್ನೇ ಹೊಡೆಯುತ್ತದೆ. ತಗ್ಗಿನ ಲೋಹ ಚೇಂಬರಿನೊಳಕ್ಕೆ ಮುಳ್ಳಿನಂತೆ ಉಬ್ಬಿ ತೋಟಾವನ್ನು ತಡೆಯುತ್ತದೆ, ಪಿನ್ನಿನ ತುದಿಯೂ ಮೊಂಡಾಗುತ್ತದೆ. ಆಮೇಲೆ ಕೆಲವು ತೋಟಾಗಳು ಸಿಡಿಯದೆ ಉಳಿಯಲು ಶುರುವಾಗುತ್ತವೆ. ಈ ಉಬ್ಬನ್ನು ಮನೆಯಲ್ಲಿ ಅರ ಹಾಕಿ ತೆಗೆಯುವ ಸಾಹಸ ಮಾಡಬೇಡಿ. ಉಬ್ಬಿದ ಲೋಹವನ್ನು ಅದರ ಜಾಗಕ್ಕೇ ಒತ್ತಿ ಕೂರಿಸುವ ಉಪಕರಣವಿದೆ, ಅದು ಬಲ್ಲವರ ಕೆಲಸ. ಬಂದೂಕು ರಿಪೇರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಅಂಥ ಅಂಗಡಿಗೇ ನಿಮ್ಮ ಲೈಸೆನ್ಸ್ ಸಮೇತ ಒಯ್ಯಿರಿ.

ಖಾಲಿ ಹೊಡೆದರೂ ಕೆಡದಂತೆ ಪಿನ್ನಿಗೆ ತಡೆ ಇಟ್ಟು ಮಾಡಿದ ರೈಫಲ್‌ಗಳೂ ಇವೆ. ನಿಮ್ಮದು ಆ ಬಗೆಯದೆಂದು ಕೈಪಿಡಿ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ನಂಬಿ. ಶುಚಿ ಮುಗಿದ ಮೇಲೆ ಸ್ಪ್ರಿಂಗ್ ಸಡಿಲಿಸಲು “ಟಕ್” ಎನಿಸುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ಬದಲಿಗೆ ಚೇಂಬರ್ ಖಾಲಿ ಇರುವುದನ್ನು ಮತ್ತೊಮ್ಮೆ ನೋಡಿಕೊಂಡು, ಟ್ರಿಗರ್ ಒತ್ತಿ ಹಿಡಿದೇ ಬೋಲ್ಟನ್ನು ಮುಂದೂಡಿ ಹಿಡಿಕೆಯನ್ನು ಮೆಲ್ಲಗೆ ಇಳಿಸಿ. ಬಹುತೇಕ ಬೋಲ್ಟ್ ರೈಫಲ್‌ಗಳಲ್ಲಿ ಪಿನ್ ಸದ್ದಿಲ್ಲದೆ ಮುಂದೆ ಬಂದು ಕೂರುತ್ತದೆ.

ನಳಿಕೆ, ಅದರ ಸರದಿ ಬಂದಾಗ ಮಾತ್ರ

ನಳಿಕೆಯನ್ನು ಯಾವಾಗ ಮುಟ್ಟಬೇಕು ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಡಿ, ಟಾರ್ಗೆಟ್ ನೋಡಿ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ವೃತ್ತಕ್ಕೆ, ಇದೇ .22 ತೋಟಾದಿಂದ. ನಿಮ್ಮ ಗುಂಪು, ಅಂದರೆ ಗುಂಡುಗಳು ಬಿದ್ದ ತೂತುಗಳ ಹರವು, ಕಾರಣವಿಲ್ಲದೆ ಅಗಲವಾಗುತ್ತಾ ಬಂದರೆ, ತೋಟಾವೂ ಭಂಗಿಯೂ ಅದೇ ಇದ್ದರೆ, ಆಗ ನಳಿಕೆಯ ಸರದಿ. ಮಳೆಯಲ್ಲಿ ನೆನೆದಿದ್ದರೆ, ಇಲ್ಲವೇ ತಿಂಗಳುಗಟ್ಟಲೆ ಎತ್ತಿಡುವುದಿದ್ದರೆ ಕೂಡ. ಪ್ರತಿ ಸಂಜೆಯೂ ಅಲ್ಲ. ಸ್ಪರ್ಧೆಯ ಹಿಂದಿನ ರಾತ್ರಿಯಂತೂ ಖಂಡಿತ ಅಲ್ಲ.

ಬೋರ್ ಗೈಡ್ ಕೂರಿಸಿ. ಒಂದು ಚಿಂದಿಗೆ ದ್ರಾವಣ ಸೋಕಿಸಿ, ತೊಟ್ಟಿಕ್ಕುವಷ್ಟು ಬೇಡ, ಜ್ಯಾಗಿನ ಮೊಳೆಗೆ ಚುಚ್ಚಿ ಹಿಂಬದಿಯಿಂದ ತೂರಿಸಿ. ಚಿಂದಿ ಹೆಬ್ಬೆರಳಿನ ಒತ್ತಡಕ್ಕೆ ಒಂದೇ ಬಿಗಿಯಲ್ಲಿ ಸಾಗಬೇಕು. ಅಂಗೈಯಿಂದ ಗುದ್ದಬೇಕಾದರೆ ಚಿಂದಿ ದೊಡ್ಡದಾಯಿತು, ತೆಗೆದು ಕತ್ತರಿಸಿ. ರಾಡ್ ಬಾಗದಂತೆ ನೇರ ನೂಕಿ. ಚಿಂದಿ ಮೂತಿಯಿಂದ ಹೊರಬಂದು ಬೀಳುತ್ತಿದ್ದಂತೆ ನಿಲ್ಲಿಸಿ, ಆ ಚಿಂದಿಯನ್ನು ಮತ್ತೆ ಒಳಗೆ ಎಳೆಯಬೇಡಿ. ಜ್ಯಾಗನ್ನು ಹಿಂದಕ್ಕೆ ತರುವಾಗ ಮೂತಿಯ ಅಂಚಿಗೆ ತಾಗದಂತೆ ಬೆರಳಿನಲ್ಲಿ ಒಂದಿಷ್ಟು ಎತ್ತಿ ನಡುವಿಗೆ ತನ್ನಿ. ಸಾಧ್ಯವಿದ್ದರೆ ಅಲ್ಲೇ ತಿರುಚಿ ಬಿಚ್ಚಿ, ಬರಿಯ ರಾಡನ್ನು ಹಿಂದೆಗೆಯಿರಿ. ಪ್ರತಿ ಸಲವೂ ರಾಡನ್ನು ಬಟ್ಟೆಯಿಂದ ಒರೆಸಿಯೇ ಮತ್ತೆ ಹಾಕಬೇಕು.

ಆ ಅಂಚಿನ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಶೂಟರ್‌ಗಳು ಅದನ್ನು ಕ್ರೌನ್ ಎನ್ನುತ್ತಾರೆ. ಗುಂಡು ನಳಿಕೆಯನ್ನು ಬಿಡುವ ಕ್ಷಣದಲ್ಲಿ ಕೊನೆಯದಾಗಿ ಮುಟ್ಟುವುದು ಅದನ್ನೇ. ಅಂಚು ಸುತ್ತಲೂ ಸಮವಾಗಿದ್ದರೆ ಹಿಂದಿನ ಅನಿಲ ಗುಂಡಿನ ಬುಡದ ಸುತ್ತಲೂ ಒಮ್ಮೆಲೇ ಬಿಡುಗಡೆಯಾಗುತ್ತದೆ. ಒಂದು ಕಡೆ ಸವೆದಿದ್ದರೆ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ಮೆದು ಸೀಸದ ಹಗುರ ಗುಂಡು, ಆ ತಳ್ಳು 50 ಮೀಟರಿನಲ್ಲಿ ಅಂಗೈಯಗಲವಾಗುತ್ತದೆ. ನನ್ನ ರೈಫಲ್ಲಿಗೆ ಆದದ್ದೂ ಇದೇ. ಲೈಸೆನ್ಸ್ ಇರುವ ಕುಶಲಿಗರೊಬ್ಬರು ನಳಿಕೆಯ ತುದಿಯನ್ನು ಕೆಲವೇ ಮಿಲಿಮೀಟರ್ ಕಡಿದು ಹೊಸ ಅಂಚು ತೆಗೆದುಕೊಟ್ಟರು. ಮರುವಾರವೇ ಗುಂಪು ಒಂದು ರೂಪಾಯಿ ನಾಣ್ಯದೊಳಗೆ ಬಂತು. ನಳಿಕೆಯ ಉಳಿದ ಭಾಗವೆಲ್ಲ ನಿರ್ದೋಷಿಯಾಗಿತ್ತು.

ಒದ್ದೆ ಚಿಂದಿಯ ಬಳಿಕ ಐದು ನಿಮಿಷ ಬಿಟ್ಟು ಒಣ ಚಿಂದಿ. ಮೊದಲನೆಯದು ಕಾಡಿಗೆಯಂತೆ ಬರುತ್ತದೆ, ಎರಡನೆಯದು ಕಂದು, ಮೂರನೆಯದು ಬೂದು. ಅಲ್ಲಿಗೆ ಬಿಡಿ. ಬೆಳ್ಳಗೆ ಬರುವವರೆಗೆ ಬಿಡುವುದಿಲ್ಲವೆಂದು ಹಟ ಹಿಡಿಯುವವರು ಮೂವತ್ತು ಚಿಂದಿ ತೂರಿಸುತ್ತಾರೆ. ಬೂದು ಬಣ್ಣದಿಂದ ನಳಿಕೆಗೆ ಯಾವ ಕೇಡೂ ಇಲ್ಲ, ಮೂವತ್ತು ಸಲ ಓಡಾಡುವ ರಾಡಿನಿಂದ ಇದೆ.

ಹಗ್ಗದಂತೆ ಎಳೆಯುವ ಕ್ಲೀನರ್ ಬಳಸುವವರು ಹಗ್ಗವನ್ನು ಮೂತಿಯಿಂದ ನೇರವಾಗಿ ಎಳೆಯಬೇಕು, ಪಕ್ಕಕ್ಕೆ ಓರೆಯಾಗಿ ಎಳೆದರೆ ದಾರವೂ ಅಂಚನ್ನು ಕೊರೆಯುತ್ತದೆ. ಬಾವಿಯ ಕಲ್ಲಿನ ಅಂಚಿಗೆ ಹಗ್ಗ ಮಾಡಿದ ಗೀರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಹಗ್ಗವನ್ನು ಆಗಾಗ ಒಗೆಯಲೂ ಬೇಕು.

ಏರ್ ರೈಫಲ್ ಇರುವವರು ಇಲ್ಲಿಯ ದ್ರಾವಣದ ಮಾತನ್ನು ತಮ್ಮದಕ್ಕೆ ಅನ್ವಯಿಸಬೇಡಿ. ಅದರ ರಬ್ಬರ್ ಸೀಲುಗಳು ಇಂಥ ದ್ರಾವಣಕ್ಕೆ ಕೆಡುತ್ತವೆ. ಒಣ ಫೆಲ್ಟ್ ಉಂಡೆಗಳೇ ಅದಕ್ಕೆ ಸಾಕು.

ಬಿಚ್ಚಬೇಡಿ

ಸ್ಪರ್ಧೆಯ ರೈಫಲ್ಲಿನ ಟ್ರಿಗರ್ ನೂರು ಗ್ರಾಂ ಆಸುಪಾಸಿನ ಒತ್ತಡಕ್ಕೆ ಬಿಡುಗಡೆಯಾಗುವಂತೆ ಹೊಂದಿಸಿರುತ್ತದೆ, ಒಂದೆರಡು ನಿಂಬೆಹಣ್ಣಿನಷ್ಟು ಭಾರ. ಅದರೊಳಗಿನ ಉಕ್ಕಿನ ಮೆಟ್ಟಿಲುಗಳು ಒಂದರ ಮೇಲೊಂದು ಕೂದಲೆಳೆಯಷ್ಟೇ ಆತು ನಿಂತಿರುತ್ತವೆ. ಸ್ಪ್ರೇ ಡಬ್ಬಿಯ ಎಣ್ಣೆ ಅಲ್ಲಿಗೆ ಹೋದರೆ ಮೊದಲ ದಿನ ನುಣುಪಾಗಿ ತೋರುತ್ತದೆ, ಮೂರು ತಿಂಗಳಲ್ಲಿ ನಮ್ಮ ಊರಿನ ಧೂಳನ್ನು ಹಿಡಿದುಕೊಂಡು ಅಂಟಾಗುತ್ತದೆ. ಟ್ರಿಗರ್ ಒಮ್ಮೆ ತಡೆದು ಬಿಡುಗಡೆಯಾಗುತ್ತದೆ, ಇನ್ನೊಮ್ಮೆ ಬೋಲ್ಟ್ ಮುಚ್ಚಿದ ಏಟಿಗೇ ಬಿಡುಗಡೆಯಾಗಬಹುದು. ಎರಡನೆಯದು ಜೀವಕ್ಕೆ ಅಪಾಯ. ಹೊರಗಿನ ಧೂಳನ್ನು ಒಣ ಬ್ರಶ್ಶಿನಿಂದ ಗುಡಿಸಿ, ಅಷ್ಟೇ.

ನಳಿಕೆಯನ್ನು ಹಿಡಿಗೆ ಬಿಗಿದಿರುವ ಎರಡು ಸ್ಕ್ರೂಗಳನ್ನೂ ಪ್ರತಿ ಸಲ ಬಿಚ್ಚಬೇಡಿ. ಬಿಗಿಯ ಹದ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಬಿಚ್ಚಿದರೆ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ಸ್ಕ್ರೂಡ್ರೈವರಿನಲ್ಲೇ ಬಿಗಿಯಿರಿ. ಸೈಟಿನ ಗಾಜು, ಟೆಲಿಸ್ಕೋಪಿನ ಮಸೂರ ಇದ್ದರೆ ಮೊದಲು ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಬಟ್ಟೆ.

ಎಣ್ಣೆ ಎಷ್ಟು, ಯಾವುದು

ತೆಂಗಿನೆಣ್ಣೆ ಹಚ್ಚುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಡಿಸೆಂಬರಿನ ಬೆಳಗ್ಗೆ ಸ್ನಾನದ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದಲ್ಲ, ಅದೇ ಬೋಲ್ಟಿನೊಳಗೂ ಆಗುತ್ತದೆ. ಸುಮಾರು 25 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಚಳಿಗಾಲದ ಮುಂಜಾವು 15 ಡಿಗ್ರಿಯ ಆಸುಪಾಸು. ಪಿನ್ನಿನ ವೇಗ ತಗ್ಗಿ ತೋಟಾ ಸಿಡಿಯುವುದಿಲ್ಲ. ಕಾಲ ಕಳೆದಂತೆ ಅಂಟೂ ಆಗುತ್ತದೆ. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ನಡೆಯುತ್ತದೆ. ಹೊರಗಿನ ಉಕ್ಕಿಗೆ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒಂದು ಒರೆಸು. ಬೋಲ್ಟ್ ತಿರುಗುವಾಗ ಲೋಹಕ್ಕೆ ಲೋಹ ಉಜ್ಜುವ ಓರೆ ಮುಖಕ್ಕೆ ಸಾಸಿವೆ ಕಾಳಿನಷ್ಟು ಗ್ರೀಸ್. ಬೋಲ್ಟಿನ ಮುಖ, ಚೇಂಬರ್ ಎರಡೂ ಒಣಗಿರಲಿ.

ಮಳೆಗಾಲ, ಆಯುಧಪೂಜೆ, ಚುನಾವಣೆ

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ಪಸೆ ಇರುತ್ತದೆ. ಸ್ಪಂಜಿನ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ, ಅದರಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಸ್ಪಂಜು ತೇವ ಹೀರಿ ರೈಫಲ್ಲಿನ ಮೈಗೆ ಒತ್ತಿ ಹಿಡಿದಿರುತ್ತದೆ. ಬೀಗವಿರುವ ಉಕ್ಕಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಇಡಿ, ಬೋಲ್ಟನ್ನು ಬೇರೆಡೆ ಇಟ್ಟರೆ ಇನ್ನೂ ಕ್ಷೇಮ.

ಆಯುಧಪೂಜೆಯ ದಿನ ಅಮ್ಮ ರೈಫಲ್ಲಿಗೂ ಗಂಧ, ಕುಂಕುಮ ಇಟ್ಟು ಹೂವು ಮುಡಿಸುತ್ತಾರೆ. ನನಗೂ ಅದು ಬೇಕು. ಒಂದು ವರ್ಷ ಆ ಬೊಟ್ಟನ್ನು ಒರೆಸಲು ಮನಸ್ಸಾಗದೆ ವಾರ ಬಿಟ್ಟೆ. ಒರೆಸಿದಾಗ ಕಪ್ಪು ಉಕ್ಕಿನ ಮೇಲೆ ಬೊಟ್ಟಿನ ಅಳತೆಗೇ ಕಂದು ತುಕ್ಕಿನ ವೃತ್ತ ಉಳಿದಿತ್ತು, ಇಂದಿಗೂ ಇದೆ. ತೇದ ಗಂಧದಲ್ಲಿ ನೀರಿದೆ, ಹೂವಿನಲ್ಲಿ ನೀರಿದೆ. ಈಗ ಅಮ್ಮ ಬೊಟ್ಟನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಇಡುತ್ತಾರೆ, ಹೂವನ್ನು ಪಕ್ಕದಲ್ಲಿ ವೀಳ್ಯದೆಲೆಯ ಮೇಲೆ ಇಡುತ್ತಾರೆ. ಆರತಿ ಮಾತ್ರ ರೈಫಲ್ಲಿಗೇ. ಸಂಜೆಗೆ ನಾನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಳಗಿಡುತ್ತೇನೆ.

ಚುನಾವಣೆ ಬಂದಾಗ ಲೈಸೆನ್ಸ್‌ದಾರರಿಗೆ ಬಂದೂಕನ್ನು ಠಾಣೆಯಲ್ಲಿ ಇಡುವಂತೆ ಸೂಚನೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂತು, ಮತ ಎಣಿಕೆ ನಡೆದದ್ದು ಜೂನ್ 4ರಂದು. ನಡುವೆ ಮೇ ತಿಂಗಳ ಮಳೆಯೂ ಬಂದು ಹೋಯಿತು. ಒಪ್ಪಿಸುವ ಮುನ್ನ ನಳಿಕೆಗೆ ಎಣ್ಣೆ ಚಿಂದಿ ಒಮ್ಮೆ ಎಳೆದು, ಹೊರಮೈಗೆ ತುಸು ಗಟ್ಟಿಯಾಗಿಯೇ ಎಣ್ಣೆ ಹಚ್ಚಿ, ಸ್ಪಂಜಿನ ಪೆಟ್ಟಿಗೆಯ ಬದಲು ಹತ್ತಿ ಬಟ್ಟೆಯ ಚೀಲದಲ್ಲಿ ಕೊಡಿ. ಮೂತಿಗೆ ಬಿರಡೆ ಬೇಡ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸೈಟ್ ಕಳಚಲು ಬರುವುದಾದರೆ ಕಳಚಿ ಮನೆಯಲ್ಲಿಟ್ಟುಕೊಳ್ಳಿ. ರಸೀದಿಯಲ್ಲಿ ರೈಫಲ್ಲಿನ ನಂಬರು ಸರಿಯಿದೆಯೇ ನೋಡಿ, ಮೂತಿಯ ಅಂಚಿನ ಒಂದು ಫೋಟೋ ನಿಮ್ಮ ಬಳಿ ಇರಲಿ.

ವಾಪಸು ತಂದ ದಿನ ಮೊದಲು ಚೇಂಬರ್ ಪರೀಕ್ಷೆ, ಆಮೇಲೆ ಗೈಡ್ ಹಾಕಿ ಎರಡು ಒಣ ಚಿಂದಿ. ನಳಿಕೆಯಲ್ಲಿ ಎಣ್ಣೆ ಉಳಿದಿದ್ದರೆ ಮೊದಲ ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ. ರೇಂಜಿನಲ್ಲಿ ಮೊದಲ ಹತ್ತು ಹದಿನೈದು ಗುಂಡುಗಳನ್ನು ಅಂಕಕ್ಕೆ ಲೆಕ್ಕ ಹಾಕಬೇಡಿ, ಸೈಟನ್ನೂ ತಿರುಗಿಸಬೇಡಿ. ಮೇಣದ ಪದರ ಮತ್ತೆ ಕೂರಲು ಅಷ್ಟು ಬೇಕು. ನನ್ನ ರೈಫಲ್ಲಿಗೆ ಹನ್ನೆರಡು ಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹದಿಮೂರನೆಯದರಿಂದ ಗುಂಡುಗಳು ಒಂದರ ಪಕ್ಕ ಒಂದು ಬಂದು ಕೂರಲು ಶುರುವಾಗುತ್ತವೆ.